ಚುನಾವಣೆ ಹೊತ್ತಲ್ಲಿ ವಿದ್ಯಾರ್ಥಿ ಪತ್ರಿಕೆ ಒಂದು ಕಡೆ ವಾಲದಂತೆ ನೋಡಿಕೊಳ್ಳುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮುಂಬಯಿಯ ಮಾತುಂಗದ ಒಂದು ಹೋಟೆಲಿನಲ್ಲಿ ಕಾಫಿ ಲೋಟ ಪಕ್ಕಕ್ಕೆ ಸರಿಸಿ ಮೂವರು ವಿದ್ಯಾರ್ಥಿಗಳು ನನ್ನ ಮುಂದೆ ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಪ್ರತಿ ಹರಡಿದರು. ನಾಲ್ಕು ಪುಟದ ಕನ್ನಡ ಪತ್ರಿಕೆ. 2024ರ ನವೆಂಬರ್. ಮಹಾರಾಷ್ಟ್ರ ವಿಧಾನಸಭೆ ಚುನಾವಣೆಗೆ ಇನ್ನು ಹತ್ತು ದಿನ. "ಸರ್, ಯಾರ ಪರವಾಗಿಯೂ ಒಂದು ಸಾಲು ಬರೆದಿಲ್ಲ, ಬೇಕಾದ್ರೆ ನೋಡಿ" ಎಂದರು.

ನೋಡಿದೆ. ನಿಜ, ಬರೆದಿರಲಿಲ್ಲ. ಆದರೆ ಮೊದಲ ಪುಟದಲ್ಲಿ ಒಬ್ಬ ಅಭ್ಯರ್ಥಿ ಹಾರ ಹಾಕಿಕೊಂಡು ಜನರ ನಡುವೆ ನಗುತ್ತಿದ್ದರು. ಮೂರನೇ ಪುಟದ ಕೆಳಮೂಲೆಯಲ್ಲಿ ಇನ್ನೊಬ್ಬರು ಅರ್ಧ ಕಣ್ಣು ಮುಚ್ಚಿ, ಬಾಯಿ ತೆರೆದು, ಸೀನುವುದಕ್ಕೆ ಮುಂಚಿನ ಮುಖ ಮಾಡಿಕೊಂಡಿದ್ದರು. ಮೊದಲನೆಯವರು "ಭರವಸೆ ನೀಡಿದರು". ಎರಡನೆಯವರು "ಹೇಳಿಕೊಂಡರು".

ಪ್ರತಿ ಚುನಾವಣೆಯಲ್ಲೂ ಇದೇ ಕಥೆ. ಹುಡುಗರು ಪಕ್ಷಪಾತವನ್ನು ಸಂಪಾದಕೀಯದಲ್ಲಿ ಹುಡುಕುತ್ತಾರೆ, ಅದೂ ಪುಟ ಕಟ್ಟಿ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಪ್ರೆಸ್ಸಿನವರು ಫೋನ್ ಮಾಡುತ್ತಿರುತ್ತಾರೆ, ಪುಟ ಒಡೆಯಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಹಂತಗಳಿಗಿಂತ ಅವುಗಳ ಕ್ರಮ ಮುಖ್ಯ. ಯಾವ ನಿಯಮದಿಂದ ಯಾರಿಗೆ ಲಾಭ ಅಂತ ಗೊತ್ತಿಲ್ಲದಿರುವಾಗಲೇ ನಿಯಮ ಮಾಡಿಕೊಳ್ಳಬೇಕು. ಕಾಲೇಜಿನ ಕನ್ನಡ ವಿಭಾಗದ್ದಿರಲಿ, ರಾತ್ರಿ ಕಾಲೇಜಿನದ್ದಿರಲಿ, ಕನ್ನಡ ಸಂಘದ ಯುವ ವಿಭಾಗದ್ದಿರಲಿ, ಇದು ಎಲ್ಲ ಪತ್ರಿಕೆಗೂ ನಡೆಯುತ್ತದೆ.

ಬೇಕಾಗುವ ಸಾಮಾನು

ಹೆಚ್ಚೇನೂ ಬೇಡ. 30 ಸೆಂಟಿಮೀಟರ್ ಸ್ಕೇಲು ಒಂದು. ಕೆಂಪು, ನೀಲಿ ಪೆನ್ಸಿಲ್. ದಪ್ಪ ರಟ್ಟಿನ ನೋಟ್‌ಬುಕ್. ಗೂಗಲ್ ಶೀಟ್ ಸಾಕಲ್ವಾ ಅಂತ ಕೇಳುತ್ತಾರೆ. ಶೀಟನ್ನು ಯಾರು ಬೇಕಾದರೂ ರಾತ್ರಿ ಹನ್ನೊಂದಕ್ಕೆ ತಿದ್ದಬಹುದು, ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದ್ದು ಕಾಣುತ್ತದೆ. ನಿಮ್ಮದೇ ಹಿಂದಿನ ಮೂರು ಸಂಚಿಕೆ. ಚುನಾವಣಾ ಆಯೋಗದ ವೇಳಾಪಟ್ಟಿಯ ಪ್ರತಿ. ಮತ್ತೆ ರಾಜಕೀಯದ ಪುಟಕ್ಕೆ ಸಂಬಂಧವೇ ಇಲ್ಲದ ಒಬ್ಬ ಓದುಗ. ಕ್ರೀಡಾ ಪುಟದವರು ಆಗಬಹುದು, ರೂಮ್‌ಮೇಟ್ ಆಗಬಹುದು.

ಹಂತ 1: ಯಾರಿಗೆ ಯಾರ ನಂಟು, ಮೊದಲು ಬರೆದಿಡಿ

ಇದು ದಿನಾಂಕ ಘೋಷಣೆಗೆ ಮೊದಲೇ ಆಗಬೇಕಾದ ಕೆಲಸ. 2024ರಲ್ಲಿ ಅಕ್ಟೋಬರ್ 15ಕ್ಕೆ ಘೋಷಣೆಯಾಗಿ ನವೆಂಬರ್ 20ಕ್ಕೆ ಮತದಾನ ಮುಗಿದೇಹೋಯಿತು. ನಡುವೆ ದೀಪಾವಳಿ ರಜೆ ಬೇರೆ. ತಿಂಗಳಿಗೊಂದು ಸಂಚಿಕೆ ತರುವವರಿಗೆ ಸಿಗುವುದು ಒಂದೇ ಒಂದು ಸಂಚಿಕೆ.

ಪತ್ರಿಕೆಗೆ ಕೆಲಸ ಮಾಡುವ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ತಾವೇ ಬರೆಯಲಿ: ಯಾವುದಾದರೂ ಪಕ್ಷದ ವಿದ್ಯಾರ್ಥಿ ಘಟಕದಲ್ಲಿ ಇದ್ದೀರಾ? ಯಾರದಾದರೂ ಪ್ರಚಾರಕ್ಕೆ ದುಡ್ಡಿಗೋ ಸುಮ್ನೆಯೋ ಕೆಲಸ ಮಾಡುತ್ತಿದ್ದೀರಾ? ಮನೆಯವರಿಗೆ ಅಭ್ಯರ್ಥಿಯ ಜೊತೆ ವ್ಯವಹಾರ ಇದೆಯಾ?

ಒಬ್ಬ ಹುಡುಗಿ ಕೇಳಿದಳು: "ಸರ್, ನಮ್ಮ ಅಪ್ಪನ ಹೋಟೆಲಿಂದ ದಿನಾ ಬೆಳಿಗ್ಗೆ ಪ್ರಚಾರದವರಿಗೆ ಉಪ್ಪಿಟ್ಟು, ಚಹಾ ಹೋಗುತ್ತೆ. ಅದನ್ನೂ ಬರೀಬೇಕಾ?" ಬರೀಬೇಕಮ್ಮ. ಅಪ್ಪನ ಗಿರಾಕಿಯ ವಿರುದ್ಧ ಸುದ್ದಿ ಬಂದ ದಿನ ನಿನ್ನ ಕೈ ತಡೆಯುತ್ತದೆ. ತಡೆಯದಿದ್ದರೂ ಓದಿದವರು ತಡೆಯಿತು ಎನ್ನುತ್ತಾರೆ.

ಇಂಥವರನ್ನು ಪತ್ರಿಕೆಯಿಂದ ತೆಗೆಯಬೇಡಿ. ಆ ಕ್ಷೇತ್ರದ ಸುದ್ದಿಯಿಂದ ಮಾತ್ರ ದೂರ ಇಡಿ. ಅಭ್ಯರ್ಥಿಗೆ ರೀಲ್ಸ್ ಮಾಡಿಕೊಟ್ಟು ಖರ್ಚಿನ ಕಾಸು ಗಳಿಸುವ ಹುಡುಗ ಕ್ರಿಕೆಟ್ ವರದಿ ಚೆನ್ನಾಗಿಯೇ ಬರೆಯಬಹುದು.

ಇಲ್ಲಿ ಆಗುವ ತಪ್ಪು: "ನೀನು ಯಾರಿಗೆ ಓಟು ಹಾಕ್ತೀಯ?" ಎಂದು ಕೇಳುವುದು. ಕೇಳಲೇಬೇಡಿ. ಮತ ಗುಟ್ಟಿನದು. ನಿಮಗೆ ಬೇಕಾದದ್ದು ಕೆಲಸ, ದುಡ್ಡು, ನಂಟು ಅಷ್ಟೇ.

ಅಪಾಯದ ಗುರುತು: ಎಲ್ಲರೂ ಬರೆದ ಮೇಲೆ ಇಡೀ ಗುಂಪು ಒಂದೇ ಕಡೆಯದು ಅಂತ ಕಂಡರೆ ಗಾಬರಿ ಬೇಡ. ಆದರೆ ಹೊರಗಿನ ಓದುಗ ಒಬ್ಬರ ಬದಲು ಇಬ್ಬರಾಗಲಿ.

ಹಂತ 2: ಹೆಸರುಗಳ ಪಟ್ಟಿ ಗೋಡೆಗೆ ಅಂಟಿಸಿ

ಬೇರೆ ರಾಜ್ಯದಲ್ಲಿ ಇದು ಅರ್ಧ ಗಂಟೆಯ ಕೆಲಸ. ಮುಂಬಯಿಯಲ್ಲಿ ಅರ್ಧ ದಿನ ಹಿಡಿಯುತ್ತದೆ. ಇಲ್ಲಿ ಶಿವಸೇನೆ ಎರಡಾಯಿತು, ಎನ್‌ಸಿಪಿಯೂ (ರಾಷ್ಟ್ರವಾದಿ ಕಾಂಗ್ರೆಸ್ ಪಕ್ಷ) ಎರಡಾಯಿತು. 2023ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗ ಶಿವಸೇನೆಯ ಹೆಸರು, ಬಿಲ್ಲು ಬಾಣದ ಗುರುತು ಎರಡನ್ನೂ ಏಕನಾಥ ಶಿಂಧೆ ಬಣಕ್ಕೆ ಕೊಟ್ಟಿತು. ಇನ್ನೊಂದು ಪಕ್ಷದ ಹೆಸರು ಶಿವಸೇನೆ (ಉದ್ಧವ್ ಬಾಳಾಸಾಹೇಬ್ ಠಾಕ್ರೆ), ಗುರುತು ಉರಿಯುವ ಪಂಜು. 2024ರ ಫೆಬ್ರವರಿಯಲ್ಲಿ ಎನ್‌ಸಿಪಿ ಹೆಸರು ಮತ್ತು ಗಡಿಯಾರ ಅಜಿತ್ ಪವಾರ್ ಬಣಕ್ಕೆ ಹೋಯಿತು. ಶರದ್ ಪವಾರ್ ಅವರದು ಎನ್‌ಸಿಪಿ (ಶರದ್‌ಚಂದ್ರ ಪವಾರ್), ಗುರುತು ತುತಾರಿ (ಕಹಳೆ) ಊದುವ ಮನುಷ್ಯ.

"ನಿಜವಾದ ಶಿವಸೇನೆ", "ನಕಲಿ ಸೇನೆ", "ಗದ್ದಾರ್ (ದ್ರೋಹಿ) ಬಣ" ಇವೆಲ್ಲ ಸಭೆಯಲ್ಲಿ ಕೂಗುವ ಮಾತು. ಯಾರಾದರೂ ಹೇಳಿದರೆ ಉದ್ಧರಣ ಚಿಹ್ನೆಯೊಳಗೆ ಬರಲಿ, ನಿಮ್ಮ ವಾಕ್ಯದಲ್ಲಿ ಬೇಡ. "ಖೋಕೆ" (ಪೆಟ್ಟಿಗೆ, ಅಂದರೆ ಕೋಟಿ ರೂಪಾಯಿ) ಅನ್ನುವ ಪದವನ್ನು ತಲೆಬರಹದಲ್ಲಿ ತಮಾಷೆಗೆ ಹಾಕಿದವರನ್ನು ನೋಡಿದ್ದೇನೆ. ಶಾಸಕರು ಕೋಟಿಗಳಿಗೆ ಮಾರಾಟವಾದರು ಎಂದು ವಿರೋಧಿಗಳು ಮಾಡಿದ ಘೋಷಣೆಯದು. ಪ್ರಾಸ ಚೆನ್ನಾಗಿದೆ ಅಂತ ಎತ್ತಿಕೊಂಡರೆ ಆರೋಪವನ್ನೂ ಎತ್ತಿಕೊಂಡ ಹಾಗೆ.

ಮರಾಠಿಯ ಅಕ್ಕರೆಯ ಪದಗಳನ್ನೂ ಪಟ್ಟಿಯಲ್ಲಿ ಸೇರಿಸಿ. ಪ್ರೆಸ್‌ನೋಟಿನಲ್ಲಿ ಸಾಹೇಬ್, ಭಾವೂ, ದಾದಾ, ತಾಈ ಇದ್ದೇ ಇರುತ್ತವೆ. ಮರಾಠಿಯಲ್ಲಿ ದಾದಾ ಅಂದರೆ ಅಣ್ಣ. ಕನ್ನಡದಲ್ಲಿ ಓದಿದರೆ ರೌಡಿ! ತಾಈ ಅಂದರೆ ಅಕ್ಕ, ನಮ್ಮಲ್ಲಿ ಅದೇ ತಾಯಿ ಆಗಿಬಿಡುತ್ತದೆ. ಒಬ್ಬರನ್ನು ತಾಯಿ ಮಾಡಿ ಇನ್ನೊಬ್ಬರನ್ನು ದಾದಾ ಮಾಡಿದ ಪುಟ ನನ್ನ ಹತ್ತಿರ ಈಗಲೂ ಇದೆ. ಹೆಸರು, ಅದರ ಮುಂದೆ "ಅವರು". ಎಲ್ಲರಿಗೂ ಅಷ್ಟೇ ಸಾಕು. "ಜನಪ್ರಿಯ", "ಧೀಮಂತ", "ಕೊಡುಗೈ ದಾನಿ" ಯಾರಿಗೂ ಬೇಡ.

ಯೋಜನೆಗಳ ಹೆಸರಿಗೂ ಒಂದೇ ತಕ್ಕಡಿ. ಮಹಾರಾಷ್ಟ್ರದ ಲಾಡ್ಕಿ ಬಹೀಣ್ ಯೋಜನೆಯಲ್ಲಿ ಮಹಿಳೆಯರಿಗೆ ತಿಂಗಳಿಗೆ 1500 ರೂಪಾಯಿ. ಚುನಾವಣೆಯಲ್ಲಿ ಆಡಳಿತದ ಮೈತ್ರಿಕೂಟ ಮಹಾಯುತಿ ಅದನ್ನು 2100 ಮಾಡುತ್ತೇವೆ ಎಂದಿತು, ವಿರೋಧಿ ಮೈತ್ರಿಕೂಟ ಮಹಾ ವಿಕಾಸ ಆಘಾಡಿ 3000 ಕೊಡುತ್ತೇವೆ ಎಂದಿತು. ಊರ ಕಡೆ ಗೃಹಲಕ್ಷ್ಮಿಯಲ್ಲಿ 2000 ಎಂದು ನಮ್ಮ ಓದುಗರಿಗೆಲ್ಲ ಗೊತ್ತು. ಇದರಲ್ಲಿ ಒಂದು "ಬಿಟ್ಟಿ ಭಾಗ್ಯ", ಇನ್ನೊಂದು "ಮಹಿಳಾ ಸಬಲೀಕರಣ" ಆದರೆ ನಿಮ್ಮ ಬಣ್ಣ ಬಯಲಾಯಿತು. ನಾಲ್ಕಕ್ಕೂ "ನಗದು ನೆರವು" ಎಂದು ಬರೆಯಿರಿ. ಎಷ್ಟು, ಯಾರಿಗೆ, ದುಡ್ಡು ಎಲ್ಲಿಂದ ಎಂದು ನಾಲ್ಕರ ಬಗ್ಗೆಯೂ ಕೇಳಿ.

ಹಂತ 3: ಹಳೆ ಸಂಚಿಕೆ ಅಳೆಯಿರಿ

ಸ್ಕೇಲು ತೆಗೆದುಕೊಳ್ಳಿ. ಹಿಂದಿನ ಮೂರು ಸಂಚಿಕೆಯಲ್ಲಿ ರಾಜಕೀಯದ ಸುದ್ದಿ ಎಲ್ಲೆಲ್ಲಿ ಇದೆ ಅಂತ ಗುರುತು ಮಾಡಿ. ಪ್ರತಿ ಸುದ್ದಿಯ ಕಾಲಂ ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಫೋಟೋ ಬೇರೆ, ತಲೆಬರಹ ಬೇರೆ, ಪುಟ ಸಂಖ್ಯೆ ಬೇರೆ. ಮೂರು ಸಂಚಿಕೆಗೆ ಇಬ್ಬರು ಕೂತರೆ ಒಂದು ಸಂಜೆ ಸಾಕು.

ಈಗ ಪೆನ್ಸಿಲ್. ಅಭ್ಯರ್ಥಿ ಅಥವಾ ಪಕ್ಷ ತನ್ನ ಬಗ್ಗೆ ತಾನೇ ಆಡಿದ ಮಾತಿನ ಪಕ್ಕ ನೀಲಿ ಗೆರೆ. ಅವರ ಬಗ್ಗೆ ಬೇರೆಯವರು ಆಡಿದ ಮಾತಿಗೆ ಕೆಂಪು ಗೆರೆ. ಮಾತುಂಗದ ಆ ಪ್ರೂಫಿನಲ್ಲಿ ಒಬ್ಬರಿಗೆ 62 ಸೆಂಟಿಮೀಟರ್ ಇತ್ತು, ಇನ್ನೊಬ್ಬರಿಗೆ 58. "ಸಮ ಆಯ್ತಲ್ವಾ ಸರ್" ಎಂದ ಒಬ್ಬ. ಗೆರೆ ಎಳೆದ ಮೇಲೆ ಅವನೇ ಸುಮ್ಮನಾದ. ಆ 58ರಲ್ಲಿ 40 ಪೂರಾ ಕೆಂಪು. ಅಂದರೆ ಎದುರಾಳಿ ಹೊರಿಸಿದ ಆರೋಪ, ಅದಕ್ಕೆ ಎದುರಾಳಿಯ ಬೆಂಬಲಿಗರ ಮಾತು. ಜಾಗ ಸಮ ಇತ್ತು, ಆ ಜಾಗದಲ್ಲಿ ಮಾತಾಡಿದವರು ಮಾತ್ರ ಬೇರೆಯವರು.

ಅಳತೆ ಕಲಿತವರು ಬೀಳುವ ಹಳ್ಳವೂ ಒಂದಿದೆ. ಎಲ್ಲರಿಗೂ ಸರಿಯಾಗಿ ಅಷ್ಟಷ್ಟೇ ಸೆಂಟಿಮೀಟರ್ ಹಂಚಲು ಹೊರಡುತ್ತಾರೆ. ಒಂದು ಕ್ಷೇತ್ರದಲ್ಲಿ ಹತ್ತು ಹದಿನೈದು ಜನ ನಿಲ್ಲುತ್ತಾರೆ, ನಾಲ್ಕು ಪುಟದಲ್ಲಿ ಅದು ಆಗದ ಮಾತು. ಒಬ್ಬರ ಮೇಲೆ ಗಟ್ಟಿ ದಾಖಲೆ ಸಮೇತ ಸುದ್ದಿ ಸಿಕ್ಕಿದೆ, "ಸಮ ಆಗಲಿ" ಎಂದು ಇನ್ನೊಬ್ಬರ ಮೇಲೆ ಗಾಳಿಮಾತು ಹುಡುಕುವುದು ಅದಕ್ಕಿಂತ ಕೆಟ್ಟದ್ದು. ನಾನು ಹೇಳುವುದು ಇಷ್ಟು: ಎಲ್ಲ ಅಭ್ಯರ್ಥಿಗಳ ಹೆಸರು, ಪಕ್ಷ, ಗುರುತು ಒಂದು ಸಲ, ಮತಪತ್ರದ ಕ್ರಮದಲ್ಲೇ ಹಾಕಿ. ಆ ಕ್ರಮವನ್ನು ನೀವು ಮಾಡಿದ್ದಲ್ಲ, ಯಾರೂ ಜಗಳಕ್ಕೆ ಬರುವುದಿಲ್ಲ. ಆಮೇಲೆ ಯಾರ ಸಂದರ್ಶನ, ಯಾಕೆ ಎಂಬ ಕಾರಣವನ್ನು ಸಂದರ್ಶನಕ್ಕೆ ಹೋಗುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಹಂತ 4: ಸಭೆಗೆ ಹೋದಾಗ ಕುರ್ಚಿ ಎಣಿಸಿ

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಪಕ್ಷದ ಸಭೆಗೆ "ಸಾವಿರಾರು ಜನ" ಎಂದು ಬರೆದೆ, ಮರುದಿನ ಇನ್ನೊಂದು ಪಕ್ಷದ ಸಭೆಗೆ "ನೂರಾರು ಜನ" ಎಂದು ಬರೆದೆ. ಎರಡೂ ಅದೇ ಮೈದಾನ. ವಾರ ಕಳೆದು ಮಂಡಪದವನ ಹತ್ತಿರ ಬೇರೇನೋ ಕೆಲಸಕ್ಕೆ ಹೋದಾಗ ಅವನು ನಗುತ್ತಾ ಹೇಳಿದ: ಎರಡು ದಿನವೂ ನಾನು ಹಾಕಿದ್ದು ಅದೇ 400 ಕುರ್ಚಿ. ಮೊದಲ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ಹಿಂದೆ ತಿರುಗಿ ನೋಡಿದರೆ ಸಮುದ್ರದ ಹಾಗೆ ಕಂಡಿತ್ತು. ಎರಡನೇ ದಿನ ಗೇಟಿನ ಹತ್ತಿರ ನಿಂತಿದ್ದೆ, ಅಷ್ಟೇ ವ್ಯತ್ಯಾಸ.

ಅವತ್ತಿನಿಂದ ಸಭೆಗೆ ಹೋಗುವ ಹುಡುಗರಿಗೆ ಹೇಳುತ್ತೇನೆ: ಮೊದಲು ಮಂಡಪದವರನ್ನು ಮಾತಾಡಿಸಿ, ಎಷ್ಟು ಕುರ್ಚಿ ಬಂದಿದೆ ಕೇಳಿ. ಒಂದು ಸಾಲು ಎಣಿಸಿ, ಸಾಲುಗಳಿಂದ ಗುಣಿಸಿ. ಖಾಲಿ ಎಷ್ಟು, ನಿಂತವರು ಎಷ್ಟು ಅಂದಾಜು ಮಾಡಿ. ಲೆಕ್ಕ ಸಿಗದಿದ್ದರೆ ಜನಸಂಖ್ಯೆ ಬರೆಯಲೇಬೇಡಿ. ಭಾಷಣದಲ್ಲಿ ಏನು ಹೇಳಿದರು ಎಂಬುದು ಅದಕ್ಕಿಂತ ಮುಖ್ಯ. ಪಕ್ಷದ ಶಾಲು ಹೆಗಲಿಗೆ ಹಾಕಲು ಬಂದರೆ ಕೈ ಮುಗಿದು ಬೇಡ ಎನ್ನಿ. ವಡಾಪಾವ್ ಹೊರಗೆ ಸ್ವಂತ ದುಡ್ಡಲ್ಲಿ ತಿನ್ನಿ.

ಭಾಷಣದ ಭರವಸೆ ಕೇಳಿದ ಕೂಡಲೇ ಒಂದು ಪ್ರಶ್ನೆ: ಈ ಕೆಲಸ ಇವರ ಕೈಯಲ್ಲಿ ಇದೆಯಾ? ಮುಂಬಯಿಗೆ ನೀರು ಬರುವುದು ತಾನ್ಸಾ, ಭಾತ್ಸಾ, ಮೋಡಕ್ ಸಾಗರದಂಥ ಏಳು ಜಲಾಶಯಗಳಿಂದ. ಅದನ್ನು ಮನೆಗೆ ಮುಟ್ಟಿಸುವುದು ಮಹಾನಗರಪಾಲಿಕೆ. ಲೋಕಲ್ ಟ್ರೈನು ರೈಲ್ವೆಯದು, ಅಂದರೆ ಕೇಂದ್ರದ್ದು. ಶಾಸಕ ಸ್ಥಾನದ ಅಭ್ಯರ್ಥಿ ಲೋಕಲ್ ಹೆಚ್ಚಿಸುತ್ತೇನೆ ಎಂದರೆ ಹೇಗೆ ಎಂದು ಕೇಳಿ. ಆದರೆ ಇದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಿ. ಇಷ್ಟವಿಲ್ಲದವರಿಗೆ ಮಾತ್ರ ಕಷ್ಟದ ಪ್ರಶ್ನೆ ಕೇಳುವುದು ಪಕ್ಷಪಾತದ ಅತಿ ಜಾಣ ರೂಪ. ಅದು ಅಚ್ಚಿನಲ್ಲಿ ಕಾಣುವುದೂ ಇಲ್ಲ. ಐದು ಪ್ರಶ್ನೆ ಟೈಪ್ ಮಾಡಿ ಎಲ್ಲರಿಗೂ ಒಂದೇ ದಿನ ಕಳಿಸಿ, ಒಂದೇ ಗಡುವು ಕೊಡಿ. ಉತ್ತರ ಬಾರದವರ ಜಾಗದಲ್ಲಿ "ಇಂಥ ದಿನ ಕೇಳಿದೆವು, ಉತ್ತರ ಬಂದಿಲ್ಲ" ಎಂದು ಬರೆಯಿರಿ. ವ್ಯಂಗ್ಯ ಬೇಡ.

ಆಸ್ತಿ, ಕ್ರಿಮಿನಲ್ ಪ್ರಕರಣಗಳ ವಿಷಯಕ್ಕೆ ಫಾರ್ಮ್ 26ರ ಅಫಿಡವಿಟ್ (ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ) ನೋಡಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ಅಭ್ಯರ್ಥಿಯದೂ ಸಿಗುತ್ತದೆ. ಒಬ್ಬರದು ತೆಗೆದರೆ ಮುಖ್ಯ ಅಭ್ಯರ್ಥಿಗಳೆಲ್ಲರದೂ ತೆಗೆಯಿರಿ. ಪ್ರಕರಣ ಬಾಕಿ ಇರುವುದು ಬೇರೆ, ಶಿಕ್ಷೆ ಆಗಿರುವುದು ಬೇರೆ. ಅಫಿಡವಿಟ್ಟಿನಲ್ಲೂ ಅವು ಬೇರೆ ಬೇರೆ ಕಡೆ ಇರುತ್ತವೆ, ನಿಮ್ಮ ಸುದ್ದಿಯಲ್ಲೂ ಬೇರೆ ಇರಲಿ.

ಹಂತ 5: ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ

ಎಲ್ಲರೂ ಎಡವುವುದು ಇಲ್ಲಿ. ಹಾಗಾಗಿ ನಿಧಾನಕ್ಕೆ ಹೋಗೋಣ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಾಕ್ಯ ಓದಿ ಮುಗಿಸಿದಾಗ ನಾಲಿಗೆಯಲ್ಲಿ ಉಳಿಯುವ ರುಚಿ ಅದರದೇ. ಪ್ರೂಫ್ ತೆಗೆದುಕೊಂಡು ಪ್ರತಿ ವಾಕ್ಯದ ಕೊನೆಯ ಪದದ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಆ ಪದಗಳನ್ನು ಮಾತ್ರ, ಅಭ್ಯರ್ಥಿಯ ಹೆಸರಿನ ಮುಂದೆ, ಪಟ್ಟಿ ಮಾಡಿ ಓದಿ.

"ಹೇಳಿದರು", "ಎಂದರು": ಇವಕ್ಕೆ ಬಣ್ಣವಿಲ್ಲ. ಒಂದೇ ಪುಟದಲ್ಲಿ ಹತ್ತು ಸಲ ಬಂದರೂ ಚಿಂತೆಯಿಲ್ಲ. ಬೇಸರ ಆಗುತ್ತೆ ಸರ್ ಎನ್ನುತ್ತಾರೆ. ಆಗಲಿ.

"ಸ್ಪಷ್ಟಪಡಿಸಿದರು", "ಬಯಲಿಗೆಳೆದರು", "ನೆನಪಿಸಿದರು": ಇವನ್ನು ಬರೆದ ಕೂಡಲೇ ಅವರು ಹೇಳಿದ್ದು ನಿಜ ಎಂದು ನೀವೂ ಸಹಿ ಹಾಕಿದ ಹಾಗೆ. ಇಲ್ಲದ್ದನ್ನು ಯಾರೂ ಬಯಲಿಗೆಳೆಯಲು ಆಗುವುದಿಲ್ಲ.

"ಹೇಳಿಕೊಂಡರು", "ಸಮರ್ಥಿಸಿಕೊಂಡರು", "ಒಪ್ಪಿಕೊಂಡರು", "ಜಾರಿಕೊಂಡರು": ಈ "ಕೊಂಡರು" ಬಂದಲ್ಲೆಲ್ಲ ನಿಲ್ಲಿ. ಮಾತಿನ ಪದಕ್ಕೆ ಅದು ಅಂಟಿದರೆ ಸಾಕು, ಆಡಿದವರ ಮೇಲೆ ಅನುಮಾನ ಬೀಳುತ್ತದೆ. ಒಬ್ಬರು ಕೆಲಸ ಮಾಡಿದ್ದೇನೆ ಎಂದು "ಹೇಳಿದರು", ಇನ್ನೊಬ್ಬರು ಅದನ್ನೇ "ಹೇಳಿಕೊಂಡರು". ಎರಡಕ್ಷರದಲ್ಲಿ ಒಬ್ಬರು ಸುಳ್ಳುಗಾರರಾದರು.

"ಗುಡುಗಿದರು", "ಕಿಡಿಕಾರಿದರು", "ಹರಿಹಾಯ್ದರು", "ತಿರುಗೇಟು ನೀಡಿದರು": ಟಿವಿಯಿಂದ ಬಂದ ಚಟ ಇದು. ಇಷ್ಟವಾದವರು ಗುಡುಗುತ್ತಾರೆ, ಇಷ್ಟವಿಲ್ಲದವರು ಅದೇ ದನಿಯಲ್ಲಿ ಕೂಗಾಡುತ್ತಾರೆ. ಎರಡನ್ನೂ ಹೊಡೆದುಹಾಕಿ. ಗುಡುಗು ಜೂನ್ ತಿಂಗಳಿಗಿರಲಿ.

ಆಮೇಲೆ ಚಿಕ್ಕ ಪದಗಳು. "ಕೊನೆಗೂ ಪ್ರಣಾಳಿಕೆ ಬಿಡುಗಡೆ" ಅಂದರೆ ತಡ ಮಾಡಿದರು ಅಂತ. "ಭಾಷಣದಲ್ಲಿ ನೀರಿನ ವಿಷಯ ಮಾತ್ರ ಎತ್ತಲಿಲ್ಲ" ಅಂದರೆ ಬೇಕೆಂದೇ ಬಿಟ್ಟರು ಅಂತ. "ಅವರೇ", "ಅವರೂ", "ಅಂತೂ" ಇವೆಲ್ಲ ಒಂದಕ್ಷರದ ಟಿಪ್ಪಣಿಗಳು. ತಪ್ಪಲ್ಲ, ಆದರೆ ಪ್ರತಿಯೊಂದಕ್ಕೂ ಕಾರಣ ಕೊಡಲು ಆಗಬೇಕು.

"ಎನ್ನಲಾಗಿದೆ" ಕಂಡರೆ ಪಕ್ಕದಲ್ಲಿ "ಯಾರಿಂದ?" ಎಂದು ಬರೆಯಿರಿ. ಉತ್ತರ ಇದ್ದರೆ ಹೆಸರು ಹಾಕಿ, ಇಲ್ಲದಿದ್ದರೆ ಸಾಲು ತೆಗೆಯಿರಿ. ಜಗಳದ ಸುದ್ದಿಯಲ್ಲಿ ಇನ್ನೊಂದು ಪರೀಕ್ಷೆ: ಒಂದು ಪಕ್ಷದ ಸಭೆಯಲ್ಲಿ "ಗದ್ದಲ ನಡೆಯಿತು", ಇನ್ನೊಂದರಲ್ಲಿ "ಕಾರ್ಯಕರ್ತರು ಗದ್ದಲ ಎಬ್ಬಿಸಿದರು" ಎಂದಿದೆಯಾ? ಮೊದಲನೆಯದರಲ್ಲಿ ಗದ್ದಲ ತಾನಾಗಿ ಮಳೆಯ ಹಾಗೆ ಬಂತು. ಎರಡನೆಯದರಲ್ಲಿ ಮಾಡಿದವರು ಇದ್ದಾರೆ.

ಆ ಪ್ರೂಫಿನ ಎರಡು ಸಾಲು ಹೀಗಿದ್ದವು:

"ಕ್ಷೇತ್ರದ ನೀರಿನ ಸಮಸ್ಯೆಯನ್ನು ಬಗೆಹರಿಸಿಯೇ ತೀರುವುದಾಗಿ ಅವರು ಭರವಸೆ ನೀಡಿದರು."

"ನೀರಿನ ಸಮಸ್ಯೆ ಬಗೆಹರಿಸುತ್ತೇನೆಂದು ಅವರೂ ಹೇಳಿಕೊಂಡರು."

ತಿದ್ದಿದ ಮೇಲೆ ಎರಡೂ ಸೇರಿ ಒಂದೇ ಆಯಿತು: "ನೀರಿನ ಸಮಸ್ಯೆ ಬಗೆಹರಿಸುತ್ತೇವೆ ಎಂದು ಇಬ್ಬರೂ ಹೇಳಿದರು. ಹೇಗೆ ಎಂಬ ಪ್ರಶ್ನೆಗೆ ಒಬ್ಬರು ಹೊಸ ಪೈಪ್‌ಲೈನ್ ಎಂದರು, ಇನ್ನೊಬ್ಬರು ಟ್ಯಾಂಕರ್ ಹೆಚ್ಚಿಸುತ್ತೇವೆ ಎಂದರು." ಜಾಗ ಉಳಿಯಿತು, ಓದುಗನಿಗೆ ಒಂದು ವಿಷಯವೂ ಸಿಕ್ಕಿತು.

ಕೊನೆಗೆ ಅದಲುಬದಲು ಪರೀಕ್ಷೆ. ಹೊರಗಿನ ಓದುಗನಿಗೆ ಸುದ್ದಿ ಕೊಟ್ಟು, ಅಭ್ಯರ್ಥಿಗಳ ಹೆಸರು ಅದಲುಬದಲು ಮಾಡಿ ಗಟ್ಟಿಯಾಗಿ ಓದಲು ಹೇಳಿ. ಬರೆದವರು ಎದುರಿಗೆ ಕೂತು ಕೇಳಲಿ. ಎಲ್ಲಿ ಅವರ ಹುಬ್ಬು ಮೇಲೇರುತ್ತದೋ ಅಲ್ಲಿ ತಿದ್ದಿ. ಮನಸ್ಸಿನಲ್ಲೇ ಓದಿದರೆ ಇದು ಕೆಲಸ ಮಾಡುವುದಿಲ್ಲ.

ಹಂತ 6: "ನಮ್ಮವರು" ಎಂಬ ಬಲೆ

ಮುಂಬಯಿಯ ಕನ್ನಡ ಪತ್ರಿಕೆಗಳಿಗೆ ಪಕ್ಷಕ್ಕಿಂತ ಇದು ದೊಡ್ಡ ಕಾಯಿಲೆ. ಕಣದಲ್ಲಿ ಒಬ್ಬ ಶೆಟ್ಟರೋ ಪೂಜಾರಿಯವರೋ ಇದ್ದರೆ ಸಾಕು, "ತುಳು ಕನ್ನಡಿಗರ ಹೆಮ್ಮೆಯ ಅಭ್ಯರ್ಥಿ" ಎಂದು ತಲೆಬರಹ ತಾನಾಗಿ ಬರುತ್ತದೆ. ಅವರು ಯಾವ ಪಕ್ಷ ಎಂಬುದು ಮೂರನೇ ಪ್ಯಾರಾದಲ್ಲಿ. ಅಭ್ಯರ್ಥಿಗೆ ಕನ್ನಡ ಬರುತ್ತದೆ ಎಂಬುದು ಓದುಗರಿಗೆ ಬೇಕಾದ ಸುದ್ದಿಯೇ, ಬರೆಯಿರಿ. "ಹೆಮ್ಮೆ" ಎಂಬುದು ಸುದ್ದಿಯಲ್ಲ.

ಸಂಘದ ಕಾರ್ಯಕ್ರಮಗಳ ಮೇಲೆ ಒಂದು ಕಣ್ಣಿಡಿ. ಯಕ್ಷಗಾನವೋ ವಾರ್ಷಿಕೋತ್ಸವವೋ ನಡೆಯುತ್ತದೆ, ಅಭ್ಯರ್ಥಿ ಅತಿಥಿಯಾಗಿ ಬರುತ್ತಾರೆ, ಶಾಲು, ಹಾರ, ಫಲಪುಷ್ಪ. ಮರುದಿನ ಸಾಂಸ್ಕೃತಿಕ ಪುಟದಲ್ಲಿ ಅವರದೇ ಫೋಟೋ. ಹುಡುಗರು ಅದನ್ನು ರಾಜಕೀಯ ಎಂದು ಲೆಕ್ಕ ಹಾಕುವುದೇ ಇಲ್ಲ. ಚುನಾವಣೆ ಘೋಷಣೆಯಾದ ದಿನದಿಂದ ಅದೂ ಸ್ಕೇಲಿನ ಲೆಕ್ಕಕ್ಕೆ ಬರಬೇಕು. ಯಕ್ಷಗಾನದ ಸುದ್ದಿಗೆ ಭಾಗವತರ ಫೋಟೋ ಹಾಕಿ.

ಬೆಳಗಾವಿಯ ವಿಷಯ ಇನ್ನೂ ಸೂಕ್ಷ್ಮ. ಯಾರೋ ಒಬ್ಬರು ಸಭೆಯಲ್ಲಿ ಗಡಿಯ ಮಾತೆತ್ತುತ್ತಾರೆ, ನಮ್ಮ ರಕ್ತ ಬಿಸಿಯಾಗುತ್ತದೆ, ಬರೆಯುವ ಕೈ ವೇಗ ಪಡೆಯುತ್ತದೆ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ, ಕರ್ನಾಟಕ ಮಹಾಜನ ಆಯೋಗದ 1967ರ ವರದಿಯನ್ನು ಹಿಡಿದುಕೊಂಡಿದೆ. ಈ ಎರಡು ವಾಕ್ಯ ಹಾಕಿ, ಅಭ್ಯರ್ಥಿ ಏನು ಹೇಳಿದರೋ ಅದನ್ನು ಹೇಳಿದ ಹಾಗೆ ಹಾಕಿ, ಮುಗಿಸಿ. ಆ ಸುದ್ದಿಯನ್ನು ಕನ್ನಡ ಓದಲು ಬರುವ ಒಬ್ಬ ಮರಾಠಿ ಗೆಳೆಯನಿಗೆ ತೋರಿಸಲು ಧೈರ್ಯ ಇದೆಯಾ? ಇದ್ದರೆ ಅಚ್ಚಿಗೆ ಕಳಿಸಿ.

ಹಂತ 7: ಪುಟ ಕಟ್ಟುವಾಗ

ಒಂದೇ ಅಳತೆಯ ಫೋಟೋ. ಇಬ್ಬರದೂ ಮಾತಾಡುವಾಗಿನದು, ಇಲ್ಲವೇ ಇಬ್ಬರದೂ ಪಾಸ್‌ಪೋರ್ಟ್ ಫೋಟೋ ತರಹದ್ದು. ಕೆಳಗಿನಿಂದ ತೆಗೆದರೆ ನಾಯಕ ಎತ್ತರ ಕಾಣುತ್ತಾರೆ, ಮೇಲಿನಿಂದ ತೆಗೆದರೆ ಕುಗ್ಗಿದ ಹಾಗೆ. ಪಕ್ಷದವರು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಹಾಕಿದರೆ "ಫೋಟೋ: ಪಕ್ಷದ ಕಚೇರಿ" ಎಂದು ಕೆಳಗೆ ಬರೆಯಿರಿ.

ತಲೆಬರಹ ಬರೆಯುವವರು ಸುದ್ದಿ ಬರೆದವರಾಗಿರಬಾರದು. ಇಷ್ಟು ಸಾಕು.

ಹಂತ 8: ಜಾಹೀರಾತು ಮತ್ತು ಕಾನೂನಿನ ಗೆರೆ

2024ರಲ್ಲಿ ನಾಮಪತ್ರಕ್ಕೆ ಅಕ್ಟೋಬರ್ 29 ಕೊನೆ ದಿನ, ಎರಡು ಮೂರು ದಿನಕ್ಕೆ ದೀಪಾವಳಿ. ವಿಶೇಷಾಂಕಕ್ಕೆ ಜಾಹೀರಾತು ಹುಡುಕುತ್ತಿದ್ದವರಿಗೆ "ದೀಪಾವಳಿ ಶುಭಾಶಯಗಳು" ಎಂಬ ಅರ್ಧ ಪುಟ, ಪಕ್ಕದಲ್ಲಿ ಅಭ್ಯರ್ಥಿಯ ಫೋಟೋ. ದುಡ್ಡು ಕೊಡುವವರು ಯಾರೋ ಹಿತೈಷಿ. ಒಳ್ಳೆಯ ರೇಟು. ಆಸೆ ಆಗುತ್ತದೆ, ಗೊತ್ತು.

ಆದರೆ ಮಹಾರಾಷ್ಟ್ರದಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿ 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಲೋಕಸಭೆಗೆ 95 ಲಕ್ಷ. ಅಭ್ಯರ್ಥಿಯ ಒಪ್ಪಿಗೆ ಇಲ್ಲದೆ ಬೇರೆಯವರು ಅವರ ಪ್ರಚಾರಕ್ಕೆ ದುಡ್ಡು ಸುರಿಯುವುದು ಅಪರಾಧ. ಜಾಹೀರಾತು ತೆಗೆದುಕೊಂಡರೆ ಲಿಖಿತ ಒಪ್ಪಿಗೆ ಪಡೆಯಿರಿ, ರಸೀದಿ ಕೊಡಿ, ಮೇಲೆ "ಜಾಹೀರಾತು" ಎಂದು ದಪ್ಪಕ್ಷರದಲ್ಲಿ ಹಾಕಿ. ಒಬ್ಬರಿಗೆ ಕೊಟ್ಟ ರೇಟೇ ಎಲ್ಲರಿಗೂ. ನನ್ನನ್ನು ಕೇಳಿದರೆ ಆ ಒಂದು ತಿಂಗಳು ರಾಜಕೀಯ ಜಾಹೀರಾತೇ ಬೇಡ. ಹೋಟೆಲು, ಸ್ವೀಟ್ ಅಂಗಡಿ, ಟೈಪಿಂಗ್ ಕ್ಲಾಸು ಇವೆಯಲ್ಲ.

ಇನ್ನು ಸಮೀಕ್ಷೆ. ಕ್ಯಾಂಟೀನಿನಲ್ಲಿ ನೂರು ಜನರನ್ನು ಕೇಳಿ "ಯಾರು ಗೆಲ್ಲುತ್ತಾರೆ" ಎಂದು ಹಾಕುವ ಹುಚ್ಚು ಎಲ್ಲರಿಗೂ. ಮತಗಟ್ಟೆ ಸಮೀಕ್ಷೆಯನ್ನು (ಯಾರಿಗೆ ಮತ ಹಾಕಿದಿರಿ ಎಂದು ಕೇಳಿ ಮಾಡುವ ಎಕ್ಸಿಟ್ ಪೋಲ್) ಆಯೋಗ ಹೇಳಿದ ಅವಧಿಯಲ್ಲಿ ಪ್ರಕಟಿಸುವಂತಿಲ್ಲ, ಅಚ್ಚಿನಲ್ಲೂ ಇಲ್ಲ, ಬೇರೆಡೆಯೂ ಇಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ. ಎರಡು ವರ್ಷದವರೆಗೆ ಜೈಲು ಇದೆ. 2024ರಲ್ಲಿ ನಮ್ಮ ಮತದಾನ ನವೆಂಬರ್ 20ಕ್ಕೆ ಇದ್ದರೂ ನಿಷೇಧ ಶುರುವಾದದ್ದು 13ರ ಬೆಳಿಗ್ಗೆಯೇ, ಯಾಕೆಂದರೆ ಜಾರ್ಖಂಡಿನ ಮೊದಲ ಹಂತ ಅವತ್ತಿತ್ತು. ಇದು ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುವುದು ಸುಲಭ. ಮತದಾನ ಮುಗಿಯುವ ಮುಂಚಿನ 48 ಗಂಟೆ ಪತ್ರಿಕೆಯ ಇನ್‌ಸ್ಟಾಗ್ರಾಂ, ವಾಟ್ಸಾಪ್ ಚಾನೆಲ್ ಎರಡರಲ್ಲೂ ಪ್ರಚಾರದ ವಿಷಯ ಬೇಡ. ಮತಗಟ್ಟೆ ಎಲ್ಲಿ, ಯಾವ ಗುರುತಿನ ಚೀಟಿ ನಡೆಯುತ್ತದೆ ಎಂದು ಹಾಕಿ.

ಪಾಲಿಕೆ ಚುನಾವಣೆಯಾದರೆ ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ನಿಯಮದ ಪ್ರತಿಯನ್ನು ಅಲ್ಲಿಂದಲೇ ತೆಗೆದುಕೊಳ್ಳಿ, ವಿಧಾನಸಭೆಯದ್ದನ್ನು ನೆಚ್ಚಿ ಕೂರಬೇಡಿ.

ಹಂತ 9: ಅಭಿಪ್ರಾಯ, ದೂರು, ತಿದ್ದುಪಡಿ

ಇಷ್ಟೆಲ್ಲ ಓದಿ ಅಭಿಪ್ರಾಯವೇ ಇರಬಾರದಾ ಎಂದು ಕೇಳಬೇಡಿ. ಇರಲಿ, ಖಾರವಾಗಿಯೇ ಇರಲಿ. "ಅಭಿಪ್ರಾಯ" ಎಂಬ ಪಟ್ಟಿ ಹಾಕಿ, ಬರೆದವರ ಹೆಸರು ಹಾಕಿ, ಅವರು ಹಂತ 1ರಲ್ಲಿ ಬರೆದ ನಂಟನ್ನು ಕೊನೆಗೆ ಒಂದು ಸಾಲಿನಲ್ಲಿ ಹಾಕಿ. ಹೆಸರಿಲ್ಲದ ಅಂಕಣ ಮಾತ್ರ ಚುನಾವಣೆ ಮುಗಿಯುವವರೆಗೆ ಬಂದ್.

ದೂರು ಬಂದೇ ಬರುತ್ತದೆ. ಫೋನಿನಲ್ಲಿ ವಾದ ಮಾಡಬೇಡಿ. "ಯಾವ ಸಾಲು ತಪ್ಪು, ಬರೆದು ಕಳಿಸಿ" ಎನ್ನಿ. ಸಿಟ್ಟಾದವರಲ್ಲಿ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ. ಬರೆದು ಕಳಿಸಿದವರ ಸಾಲನ್ನು ಸ್ಕೇಲು, ಪೆನ್ಸಿಲ್ ಇಟ್ಟುಕೊಂಡು ನೋಡಿ. ತಪ್ಪಿದ್ದರೆ ತಿದ್ದುಪಡಿ ಅದೇ ಪುಟದಲ್ಲಿ, ಮುಂದಿನ ಸಂಚಿಕೆಗೆ ಕಾಯದೆ ಬೇಕಾದರೆ ಚೀಟಿಯಾಗಿ ಅಂಟಿಸಿ. ಎರಡೂ ಕಡೆಯವರು ಬೈದರು, ಹಾಗಾದರೆ ನಾವು ಸರಿ ಎಂದು ಬೀಗುವವರಿದ್ದಾರೆ. ಇಬ್ಬರೂ ಬೈದಾಗ ಇಬ್ಬರ ವಿಷಯದಲ್ಲೂ ತಪ್ಪಿರಬಹುದು.

ಕಾಲೇಜಿನವರು ಕರೆದು "ಇದೆಲ್ಲ ಯಾಕೆ, ಬಿಟ್ಟುಬಿಡಿ" ಎಂದಾಗ ನೋಟ್‌ಬುಕ್ ಕೈಯಲ್ಲಿರಲಿ. ನಂಟಿನ ಪುಟ, ಅಳತೆಯ ಪುಟ, ಕಳಿಸಿದ ಪ್ರಶ್ನೆಗಳ ದಿನಾಂಕ. ಬಾಯಿಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಫಲಿತಾಂಶದ ಸಂಚಿಕೆ ಬಂದ ಮೇಲೆ ಇನ್ನೊಂದು ಸಲ ಅಳೆಯಿರಿ. ಗೆದ್ದವರ ಫೋಟೋ ಎಷ್ಟು ದೊಡ್ಡದಾಯಿತು, ಸೋತವರ ಮಾತಿಗೆ ಜಾಗ ಉಳಿಯಿತಾ ಎಂದು ನೋಡಿ. ತಪ್ಪಿದ್ದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು, ಕಪಾಟಿನಲ್ಲಿಟ್ಟು, ಮುಂದಿನ ಸಂಪಾದಕರಿಗೆ ತಿಳಿಸಿ. 2026ರ ಜನವರಿ 15ಕ್ಕೆ ಮುಂಬಯಿ ಪಾಲಿಕೆಯ 227 ವಾರ್ಡುಗಳಿಗೆ ಚುನಾವಣೆ ಬಂದಾಗ ಆ ಮೂವರೂ ಕಾಲೇಜು ಮುಗಿಸಿ ಹೋಗಿದ್ದರು. ಡಿಸೆಂಬರಿನಲ್ಲಿ ಒಬ್ಬಳು ಹೊಸ ಹುಡುಗಿ ಫೋನ್ ಮಾಡಿದಳು. "ಸರ್, ನೋಟ್‌ಬುಕ್ ಸಿಕ್ತು. ಸ್ಕೇಲ್ ಯಾರೋ ಹೊತ್ಕೊಂಡು ಹೋಗಿದ್ದಾರೆ."